35 ಹಂತ ಗೆದ್ದರೂ ಕ್ಯಾವೆಂಡಿಶ್‌ಗೆ ಟೂರ್ ಯಾಕೆ ದಕ್ಕಲಿಲ್ಲ?

ಪ್ರಶ್ನೆ: ಮೂರು ವಾರದ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನಲ್ಲಿ ಸ್ಪ್ರಿಂಟರ್ (ಕೊನೆಯ ಕ್ಷಣದ ವೇಗದೋಟದಲ್ಲಿ ಪಳಗಿದವ) ಮಾರ್ಕ್ ಕ್ಯಾವೆಂಡಿಶ್ ಗೆದ್ದ ಹಂತಗಳು, ಅಂದರೆ ಒಂದೊಂದು ದಿನದ ಓಟಗಳು, 35, ಎಡ್ಡಿ ಮರ್ಕ್ಸ್ ಗೆದ್ದದ್ದು 34. ಮರ್ಕ್ಸ್ ಐದು ಸಲ ಟೂರ್ ಗೆದ್ದರು, ಕ್ಯಾವೆಂಡಿಶ್ ಒಮ್ಮೆಯೂ ಇಲ್ಲ. ಯಾಕೆ?

ಉತ್ತರ: ಟೂರ್ ಗೆಲ್ಲುವುದು ಮೂರು ವಾರದ ಒಟ್ಟು ಸಮಯ ಯಾರದು ಕಡಿಮೆ ಎಂಬ ಲೆಕ್ಕದ ಮೇಲೆ. ಸಪಾಟು ಹಂತದಲ್ಲಿ ಗುಂಪು ಒಟ್ಟಿಗೆ ಗೆರೆ ದಾಟಿದರೆ ಎಲ್ಲರಿಗೂ ಒಂದೇ ಸಮಯ ಬರೆಯುತ್ತಾರೆ. ಗೆದ್ದವನಿಗೆ ಸಿಗುವ ಲಾಭ, ಅವನ ಒಟ್ಟು ಸಮಯದಿಂದ ಕಳೆಯುವ 10 ಸೆಕೆಂಡಿನ ಬೋನಸ್ ಮಾತ್ರ. ಅದೂ 2008ರಿಂದ 2014ರವರೆಗೆ ಇರಲಿಲ್ಲ. ಕ್ಯಾವೆಂಡಿಶ್ ಅವರ 25 ಗೆಲುವು ಬಂದದ್ದು ಆ ವರ್ಷಗಳಲ್ಲೇ. ಉಳಿದ ಹತ್ತು ಗೆಲುವಿಗೆ ಹತ್ತತ್ತು ಸೆಕೆಂಡು. ಅಂದರೆ ವೃತ್ತಿಜೀವನದ 35 ಗೆಲುವಿನಿಂದ ಬೋನಸ್ಸಾಗಿ ಬಂದದ್ದು 100 ಸೆಕೆಂಡು!

ಕಳೆದುಕೊಳ್ಳುವುದು ಬೆಟ್ಟದಲ್ಲಿ. ಒಳ್ಳೆಯ ಸ್ಪ್ರಿಂಟರ್ ಹತ್ತು–ಹದಿನೈದು ಸೆಕೆಂಡು 1,500 ವ್ಯಾಟ್ ಆಸುಪಾಸಿನಲ್ಲಿ ತುಳಿಯಬಲ್ಲ. ಆದರೆ ಆಲ್ಪ್ಸ್‌ನ ಅರ್ಧ ತಾಸಿನ ಏರಿನಲ್ಲಿ ಮುಂಚೂಣಿಯವರು ದೇಹತೂಕದ ಪ್ರತಿ ಕಿಲೋಗೆ ಸುಮಾರು 6 ವ್ಯಾಟ್ ಬಿಡದೆ ತುಳಿಯುತ್ತಾರೆ. 70 ಕಿಲೋ ತೂಗುವವನಿಗೆ ಅದು 420 ವ್ಯಾಟ್. ಸ್ಫೋಟಕ ಓಟಕ್ಕೆ ಹದಗೊಂಡ ಸ್ನಾಯು ಅಷ್ಟು ಹೊತ್ತು ಅದನ್ನು ತಾಳುವುದಿಲ್ಲ.

ಹಾಗಾಗಿ ಬೆಟ್ಟದ ದಿನ ಸ್ಪ್ರಿಂಟರ್‌ನ ಸ್ಪರ್ಧೆ ಗಡಿಯಾರದ ಜೊತೆಗೆ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಗಡುವು ಕಟ್ಟುತ್ತಾರೆ, ದಾಟಿದರೆ ಮನೆಗೆ. ಹಿಂದುಳಿದವರೆಲ್ಲ ಸೇರಿ ‘ಗ್ರುಪೆಟ್ಟೊ’ ಕಟ್ಟಿಕೊಂಡು, ಏರಿನಲ್ಲಿ ಯಾರೂ ಕಳಚದಂತೆ ಒಂದೇ ಲಯದಲ್ಲಿ ಹತ್ತಿ, ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ನುಗ್ಗಿ, ಕಣಿವೆಯ ಸಪಾಟಿನಲ್ಲಿ ಸರದಿಯಂತೆ ಗಾಳಿಗೆ ಎದೆಯೊಡ್ಡಿ ನಿಮಿಷಗಳನ್ನು ವಾಪಸ್ ಪಡೆಯುತ್ತಾರೆ. ಗುಂಪು ದೊಡ್ಡದಿದ್ದರೆ ಇನ್ನೊಂದು ಅನುಕೂಲ: ಅಷ್ಟು ಜನರನ್ನು ಹೊರಹಾಕಲು ತೀರ್ಪುಗಾರರಿಗೆ ಮನಸ್ಸು ಬರುವುದಿಲ್ಲ. 2011ರಲ್ಲಿ ಆಲ್ಪ್ಸ್‌ನ ಗಾಲಿಬಿಯೇ ಬೆಟ್ಟದ ಹಂತದಲ್ಲಿ ಕ್ಯಾವೆಂಡಿಶ್ ಇದ್ದ ಗುಂಪು ಗಡುವು ಮೀರಿತು. ಹೊರಹಾಕಲಿಲ್ಲ, 20 ಅಂಕ ಕಡಿತವಾಯಿತು ಅಷ್ಟೆ; ಅತಿ ಹೆಚ್ಚು ಅಂಕ ಗಳಿಸಿದವನಿಗೆ ಸಿಗುವ ಹಸಿರು ಜೆರ್ಸಿ ಕೊನೆಗೂ ಅವರದ್ದೇ ಆಯಿತು.

ಅಪಾಯಕಾರಿ ಹಂತ ಅತಿ ಉದ್ದನೆಯದೇ ಆಗಬೇಕಿಲ್ಲ. 2018ರ 11ನೇ ಹಂತ, ಆಲ್ಬರ್ಟ್‌ವಿಲ್‌ನಿಂದ ಲಾ ರೋಸಿಯೇರ್‌ಗೆ, ಬರೀ 108 ಕಿ.ಮೀ. ಅದನ್ನು ಗೆದ್ದ ಗೆರಾಂಟ್ ಥಾಮಸ್ ಮೂರೂವರೆ ತಾಸಿನಲ್ಲಿ ಮುಗಿಸಿದರು. ಗೆದ್ದವನ ಸಮಯ ಚಿಕ್ಕದಾದರೆ ಅದರ ಶೇಕಡಾವಾರೂ ಚಿಕ್ಕದು, ಮೇಲಾಗಿ ಕಳೆದದ್ದನ್ನು ಹಿಡಿಯಲು ಸಪಾಟು ರಸ್ತೆಯೂ ಸಾಲದು. ಕ್ಯಾವೆಂಡಿಶ್, ಅವರಂತೆಯೇ ವೇಗದ ಸವಾರರಾದ ಕಿಟ್ಟೆಲ್, ರೆನ್‌ಶಾ ಮೂವರೂ ಅವತ್ತು ಗಡುವು ಮೀರಿ ಹೊರಬಿದ್ದರು.

ಮರ್ಕ್ಸ್ ಜೊತೆಗಿನ ಹೋಲಿಕೆ ನಮ್ಮ ಮಟ್ಟಿಗೆ ಅರ್ಥವಿಲ್ಲದ್ದು. ಅವರು ಬೆಟ್ಟದಲ್ಲೂ ಒಂಟಿ ಸಮಯದೋಟದಲ್ಲೂ ಗೆದ್ದವರು; ಕ್ಯಾವೆಂಡಿಶ್ ಗೆದ್ದದ್ದೆಲ್ಲ ಸ್ಪ್ರಿಂಟ್‌ನಲ್ಲಿ.

2024ರ ಟೂರ್‌ನ ಮೊದಲ ದಿನ, ಫ್ಲಾರೆನ್ಸ್–ರಿಮಿನಿ ಹಾದಿಯ ಸೆಕೆಯಲ್ಲಿ ಕ್ಯಾವೆಂಡಿಶ್ ವಾಂತಿ ಮಾಡಿಕೊಂಡು ಹಿಂದೆ ಬಿದ್ದರು. ಅಸ್ತಾನಾ ತಂಡದ ಜೊತೆಗಾರರು ಗಾಳಿಗೆ ಮರೆಯಾಗಿ ನಿಂತು ಗಡುವಿನೊಳಗೆ ಮುಟ್ಟಿಸಿದರು, ಗೆದ್ದವನಿಗಿಂತ ಅರ್ಧ ತಾಸಿಗೂ ಹೆಚ್ಚು ತಡವಾಗಿ. ನಾಲ್ಕು ದಿನ ಬಿಟ್ಟು, ಜುಲೈ 3ರಂದು, ಸ್ಯಾಂ-ವುಲ್ಬಾದಲ್ಲಿ ಅವರು 35ನೆಯದನ್ನು ಗೆದ್ದರು.