ಗ್ರಹಣದ ದಿನ ಹಿತ್ತಲಕ್ಕ ಹೋಗಿದ್ದೆ

"ಬಸುರಿದ್ದಾಗ ಗ್ರಹಣದ ದಿನ ಹಿತ್ತಲಕ್ಕ ಹೋಗಿದ್ನಿರೀ, ಅದಕ್ಕ ಹಿಂಗಾತೇನು?"

ಮೂರೂವರೆ ವರ್ಷದ ಮಗನಿಗೆ ಆಟಿಸಂ (ಮಾತು, ಒಡನಾಟ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ) ಇದೆ ಎಂದು ಗೊತ್ತಾದ ಸಂಜೆ ಧಾರವಾಡದ ಆ ತಾಯಿ ಮೊದಲು ಕೇಳಿದ್ದೇ ಇದನ್ನು. ಥೆರಪಿ, ಸಾಲಿ ಎಲ್ಲ ಆಮೇಲೆ. ಅತ್ತೆಯ ಮಾತು ಬೇರೆ: "ಇವರಪ್ಪನೂ ತಡಾನ ಮಾತಾಡಿದ್ದ, ಸುಮ್ನಿರ್ರಿ." ಅಪ್ಪ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು, ವಾರವಾದರೂ ತೆಗೆಯಲಿಲ್ಲ.

ಗ್ರಹಣದ ಮಾತಿಗೆ ನಗಬೇಡಿ. ತಾಯಿಯ ತಲೆಗೆ ತಪ್ಪು ಕಟ್ಟಿದ್ದರಲ್ಲಿ ವೈದ್ಯರೂ ಹಿಂದೆ ಬಿದ್ದಿಲ್ಲ. 1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂ ಗುರುತಿಸಿದ ಮನೋವೈದ್ಯ ಲಿಯೋ ಕ್ಯಾನರ್, ಅದು ಹುಟ್ಟಿನಿಂದಲೇ ಬಂದದ್ದು ಎನ್ನುತ್ತಲೇ, ಈ ಮಕ್ಕಳ ತಂದೆತಾಯಿಯರಲ್ಲಿ ಅಕ್ಕರೆ ಕಡಿಮೆ ಎಂದೂ ಬರೆದರು. ಮುಂದೆ ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣ ಎಂದಾಗಿ, 'ಫ್ರಿಜ್ಜಿನಂಥ ತಾಯಂದಿರು' ಎಂಬ ಬಿರುದೇ ಹುಟ್ಟಿತು. ಅದನ್ನು 1964ರಲ್ಲಿ ಎದುರಿಸಿದ ಬರ್ನಾರ್ಡ್ ರಿಮ್ಲ್ಯಾಂಡ್ ಮನಶ್ಶಾಸ್ತ್ರಜ್ಞ, ಜೊತೆಗೆ ಆಟಿಸಂ ಇರುವ ಹುಡುಗನ ಅಪ್ಪ. 1977ರಲ್ಲಿ ಸಂಶೋಧಕರಾದ ಫೋಲ್‌ಸ್ಟೀನ್ ಮತ್ತು ರಟ್ಟರ್ ಅವಳಿಗಳನ್ನು ಪರೀಕ್ಷಿಸಿದರು: ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ, ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿಲ್ಲ. ತದ್ರೂಪಿಗಳ ವಂಶವಾಹಿಗಳು ಹೆಚ್ಚೂಕಡಿಮೆ ಒಂದೇ, ಅಂದರೆ ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು.

ಇದನ್ನು ಹೇಳಿದೆನೋ ಇಲ್ಲವೋ, ಮನೆಯಲ್ಲಿ ಹೊಸ ಜಗಳ: "ಹಂಗಾರ ಯಾರ ಮನಿತನದಿಂದ ಬಂತು?" ಇದರಲ್ಲಿ ನೂರಾರು ವಂಶವಾಹಿಗಳ ಕೈವಾಡವಿದೆ, ಕೆಲವು ಬದಲಾವಣೆ ತಂದೆತಾಯಿ ಇಬ್ಬರಲ್ಲೂ ಇರದೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತವೆ ಎಂದು ತಿಳಿಸುವಷ್ಟರಲ್ಲಿ ಚಹಾ ಆರಿಹೋಗಿತ್ತು.

ನಿರಾಕರಣೆಯಿಂದ ಒಪ್ಪಿಗೆಯವರೆಗಿನ ದುಃಖದ 'ಐದು ಮೆಟ್ಟಿಲು' ಕೇಳಿರುತ್ತೀರಿ. ಅದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ ಕಟ್ಟಿದ ಮಾತು. ಇಲ್ಲಿ ಮಗು ಎದುರಿಗೇ ರೊಟ್ಟಿ ತಿನ್ನುತ್ತಾ ಕೂತಿದೆ! ನನಗೆ ಸರಿ ಕಾಣುವುದು ಸೈಮನ್ ಒಲ್ಶಾನ್‌ಸ್ಕಿ 1962ರಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ತಂದೆತಾಯಿಯರ ಬಗ್ಗೆ ಹೇಳಿದ 'ಬಿಡದ ಅಳಲು'. ಅದು ರೋಗವಲ್ಲ, ಸಹಜ. ಇಳಿಯುತ್ತದೆ, ಮತ್ತೆ ಏಳುತ್ತದೆ. ಈ ತಾಯಿಗೆ ಅದು ಎದ್ದದ್ದು ನಾಗರ ಪಂಚಮಿಗೆ. ಓರಗೆಯ ಮಕ್ಕಳೆಲ್ಲ ಜೋಕಾಲಿ ಜೀಕುತ್ತಾ ಕೂಗುವಾಗ ಇವರ ಮಗ ಕಿವಿ ಮುಚ್ಚಿಕೊಂಡು ಶೇಂಗಾ ಉಂಡಿಗಳನ್ನು ಸಾಲಾಗಿ ಇಡುತ್ತಿದ್ದ. ಎಲ್ಲ ನುಂಗಿಕೊಂಡೆ ಅಂದುಕೊಂಡಿದ್ದ ತಾಯಿ ಅಡಿಗೆಮನೆಗೆ ಹೋಗಿ ಅತ್ತರು.

ಅಪ್ಪನ ಬದಲಾವಣೆ ನನಗೆ ಕಂಡದ್ದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಲ್ಲಿ. ತಾನಾಗೇ ತೆರೆದು ಮುಚ್ಚುವ ಬಾಗಿಲೆಂದರೆ ಹುಡುಗನಿಗೆ ಜೀವ. ಮೊದಲು ರಟ್ಟೆ ಹಿಡಿದು ಹತ್ತಿಸುತ್ತಿದ್ದರು, ಅವನು ಹುಬ್ಬಳ್ಳಿಯವರೆಗೂ ಕಿರುಚುತ್ತಿದ್ದ. ಈಗ ಮುಂಚೆಯೇ ಮೂರು ಬೆರಳು ತೋರಿಸುತ್ತಾರೆ: "ಎರಡು ನೋಡೂಣು, ಮೂರನೇದಕ್ಕ ಹತ್ತೂಣು." ಎರಡು ಬಸ್ಸು ಹೋದವು. ಮೂರನೆಯದು ಬಂದಾಗ ಹುಡುಗನೇ ಅಪ್ಪನ ಬೆರಳು ಹಿಡಿದು ಎಳೆದ.