ದಿನ ತುಂಬದ ಮಗುವಿನ ಕಣ್ಣಲ್ಲಿ ರಕ್ತನಾಳ ಬೆಳೆಯುವ ಬಗೆ

ಗರ್ಭದಲ್ಲಿರುವ ಮಗುವಿನ ಅಕ್ಷಿಪಟಲದಲ್ಲಿ (ರೆಟಿನಾದಲ್ಲಿ) ಸುಮಾರು 16ನೇ ವಾರದವರೆಗೆ ರಕ್ತನಾಳಗಳೇ ಇರುವುದಿಲ್ಲ. ಆಮೇಲೆ ಅವು ದೃಷ್ಟಿನರದ ಬುಡದಿಂದ ಹೊರಟು ಅಂಚಿನತ್ತ ಹಬ್ಬುತ್ತವೆ. ಮೂಗಿನ ಕಡೆಯ ಅಂಚನ್ನು 36ನೇ ವಾರದ ಸುಮಾರಿಗೆ ಮುಟ್ಟುತ್ತವೆ, ಕಿವಿಯ ಕಡೆಯ ಅಂಚಿಗೆ ಬರುವಾಗ 40ನೇ ವಾರವಾಗಿರುತ್ತದೆ. 28ನೇ ವಾರಕ್ಕೇ ಹುಟ್ಟಿದ ಮಗುವಿನಲ್ಲಿ ಈ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಉಳಿದ ಅರ್ಧ ತಾಯಿಯ ಹೊಟ್ಟೆಯಲ್ಲಲ್ಲ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುವಿನ ಗಾಳಿಯಲ್ಲಿ ನಡೆಯಬೇಕು. ಅಲ್ಲಿ ಅದು ದಾರಿ ತಪ್ಪುವುದನ್ನೇ ವೈದ್ಯರು ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಎನ್ನುತ್ತಾರೆ. ಹೊಸ ನಾಳ ಹುಟ್ಟುವುದರಲ್ಲಿ, ಕೋಶಗಳಿಗೆ ಬೆಳೆಯಲು ಕರೆ ಕೊಡುವ ಪ್ರೋಟೀನುಗಳಾದ ಬೆಳವಣಿಗೆ ಅಂಶಗಳದು ಎಷ್ಟು ಪಾಲು, ಕಿಣ್ವಗಳದು ಎಷ್ಟು ಎಂಬುದನ್ನು ಈ ಕಾಯಿಲೆಯಷ್ಟು ಬಿಡಿಸಿ ತೋರಿಸುವುದು ಕಡಿಮೆ.

ಎಲ್ಲಕ್ಕೂ ಮೊದಲು ಆಮ್ಲಜನಕ ಎಷ್ಟಿದೆ ಎಂದು ಅಳೆಯುವುದೇ ಒಂದು ಕಿಣ್ವ. ಜೀವಕೋಶಗಳು ಹಿಫ್-1 ಆಲ್ಫಾ ಎಂಬ ಪ್ರೋಟೀನನ್ನು ಸದಾ ತಯಾರಿಸುತ್ತಿರುತ್ತವೆ. ಪ್ರೊಲಿಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಕಬ್ಬಿಣದ ನೆರವಿನಿಂದ, ಆಮ್ಲಜನಕವನ್ನೇ ಬಳಸಿಕೊಂಡು, ಅದಕ್ಕೆ ಗುರುತು ಹಾಕುತ್ತದೆ. ಗುರುತು ಬಿದ್ದ ಹಿಫ್ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಆಮ್ಲಜನಕ ಸಾಲದೇ ಹೋದರೆ ಗುರುತು ಬೀಳುವುದಿಲ್ಲ. ಆಗ ಉಳಿದುಕೊಂಡ ಹಿಫ್ ಕೋಶಕೇಂದ್ರಕ್ಕೆ ಹೋಗಿ ವಿಇಜಿಎಫ್ ಎಂಬ ಬೆಳವಣಿಗೆ ಅಂಶದ ಜೀನನ್ನು ಎಬ್ಬಿಸುತ್ತದೆ. ಈ ಏರ್ಪಾಡನ್ನು ಬಿಡಿಸಿ ತೋರಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು.

ವಿಇಜಿಎಫ್ ಬಂದ ಮಾತ್ರಕ್ಕೆ ನಾಳ ಬೆಳೆಯುವುದಿಲ್ಲ. ಹಳೆಯ ಲೋಮನಾಳದ (ಕೂದಲೆಳೆಯಂಥ ಸಣ್ಣ ರಕ್ತನಾಳದ) ಒಳಗೋಡೆಯ ಕೋಶಗಳನ್ನು ಹೊರಗಿನಿಂದ ಒಂದು ತಳಪೊರೆ ಬಿಗಿಯಾಗಿ ಸುತ್ತಿರುತ್ತದೆ. ಅದರ ಮುಖ್ಯ ಹಂದರ ನಾಲ್ಕನೇ ಬಗೆಯ ಕೊಲಾಜನ್. ಅದನ್ನು ಕತ್ತರಿಸದೆ ಒಂದು ಕೋಶವೂ ಆಚೆ ಕಾಲಿಡಲಾರದು. ಕತ್ತರಿಸುವ ಕೆಲಸ ಎಂಎಂಪಿ ಕುಟುಂಬದ ಕಿಣ್ವಗಳದು, ಅದರಲ್ಲೂ ಎಂಎಂಪಿ-2 ಮತ್ತು ಎಂಎಂಪಿ-9ರದು. ಇವುಗಳ ನಡುವೆ ಸತುವಿನ ಒಂದು ಅಯಾನು ಕೂತಿರುತ್ತದೆ, ಕೊಲಾಜನ್ ಸರಪಳಿ ತುಂಡಾಗುವುದು ಅಲ್ಲೇ. ಈ ಕುಟುಂಬದ ಮೊದಲ ಕಿಣ್ವ ಸಿಕ್ಕಿದ್ದು 1962ರಲ್ಲಿ, ಗೊದಮೊಟ್ಟೆಯ ಬಾಲ ಕರಗುವುದು ಹೇಗೆಂದು ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಹುಡುಕುತ್ತಿದ್ದಾಗ.

ಇಂಥ ಕಿಣ್ವಗಳು ಸಡಿಲ ಬಿಟ್ಟರೆ ಅಂಗಾಂಶವನ್ನೇ ಕರಗಿಸಿಬಿಡುತ್ತವೆ. ಅದಕ್ಕೇ ಅವು ಬಾಯಿ ಕಟ್ಟಿದ ರೂಪದಲ್ಲಿ ತಯಾರಾಗುತ್ತವೆ. ಎಂಎಂಪಿ-2ರ ಕಟ್ಟು ಬಿಚ್ಚುವುದು ಕೋಶದ ಪೊರೆಗೇ ಅಂಟಿಕೊಂಡಿರುವ ಎಂಎಂಪಿ-14. ಹಾಗಾಗಿ ಕತ್ತರಿಸುವಿಕೆ ಕೋಶದ ಮುಂಚೂಣಿಯಲ್ಲಷ್ಟೇ ನಡೆಯುತ್ತದೆ. ಟಿಂಪ್ ಎಂಬ ತಡೆ ಪ್ರೋಟೀನುಗಳು ಬೆನ್ನ ಹಿಂದೆಯೇ ಬಂದು ಅದನ್ನು ನಿಲ್ಲಿಸುತ್ತವೆ. ಇದರಲ್ಲಿ ಇನ್ನೂ ಒಂದು ಸೊಗಸಿದೆ: ವಿಇಜಿಎಫ್‌ನ ಉದ್ದನೆಯ ರೂಪಗಳು ಕೋಶಗಳ ನಡುವಿನ ಜಾಲಕ್ಕೆ ಅಂಟಿಕೊಂಡು ಸುಮ್ಮನಿರುತ್ತವೆ. ಎಂಎಂಪಿ-9 ಜಾಲವನ್ನು ತುಂಡರಿಸಿದಾಗ ಅವೂ ಬಿಡುಗಡೆಯಾಗುತ್ತವೆ. ಅಂದರೆ ದಾರಿ ತೆಗೆಯುವ ಕಿಣ್ವವೇ ಮುಂದಿನ ಕರೆಯನ್ನೂ ಕಳಿಸುತ್ತದೆ.

ತೆರೆದ ದಾರಿಯಲ್ಲಿ ಒಂದೇ ಕೋಶ ಮುಂದಾಗುತ್ತದೆ. ಈ ತುದಿಕೋಶ ತೆಳು ಎಳೆಗಳನ್ನು ಚಾಚಿ, ವಿಇಜಿಎಫ್ ಹೆಚ್ಚಿರುವ ಕಡೆಗೆ ಸಾಗುತ್ತದೆ. ಜೊತೆಗೆ ಡಿಎಲ್‌ಎಲ್-4 ಎಂಬ ಸಂಕೇತದಿಂದ ಅಕ್ಕಪಕ್ಕದ ಕೋಶಗಳು ತುದಿಕೋಶಗಳಾಗದಂತೆ ತಡೆಯುತ್ತದೆ. ಅವು ಹಿಂದೆ ಉಳಿದು, ವಿಭಜನೆಯಾಗುತ್ತ ಕೊಳವೆ ಕಟ್ಟುತ್ತವೆ. ಕೊನೆಗೆ ಪಿಡಿಜಿಎಫ್-ಬಿ ಕರೆತಂದ ಪೆರಿಸೈಟ್ ಕೋಶಗಳು ಹೊರಗಿನಿಂದ ಅಪ್ಪಿಕೊಂಡ ಮೇಲೆ ನಾಳ ಗಟ್ಟಿಯಾಗುತ್ತದೆ.

ದಿನ ತುಂಬದ ಮಗುವಿನಲ್ಲಿ ಇದು ಎರಡು ಹಂತಗಳಲ್ಲಿ ಕೆಡುತ್ತದೆ. ಗರ್ಭದಲ್ಲಿ ರಕ್ತದ ಆಮ್ಲಜನಕ ತೀರ ಕಡಿಮೆ. ಹುಟ್ಟಿದ ಕೂಡಲೇ ಅದು ಏರುತ್ತದೆ, ಹೊರಗಿನಿಂದ ಆಮ್ಲಜನಕ ಕೊಟ್ಟರೆ ಇನ್ನೂ ಏರುತ್ತದೆ. ಹಿಫ್ ನಾಶವಾಗುತ್ತದೆ, ವಿಇಜಿಎಫ್ ಕುಸಿಯುತ್ತದೆ, ನಾಳಗಳು ಇದ್ದಲ್ಲೇ ನಿಲ್ಲುತ್ತವೆ, ಕೆಲವು ಸಾಯುತ್ತವೆ. ಗರ್ಭದ ಲೆಕ್ಕದಲ್ಲಿ 32-34 ವಾರವಾಗುವಾಗ ಅಕ್ಷಿಪಟಲ ಬಲಿತು ಹೆಚ್ಚು ಆಮ್ಲಜನಕ ಕೇಳತೊಡಗುತ್ತದೆ. ಅಂಚಿನಲ್ಲಿ ನಾಳಗಳೇ ಇಲ್ಲ. ವಿಇಜಿಎಫ್ ಒಮ್ಮೆಲೇ ಉಕ್ಕುತ್ತದೆ. ಎಲ್ಲೆಲ್ಲೂ ತುಂಬಿಕೊಂಡ ಕರೆಗೆ ದಿಕ್ಕೇ ಇರುವುದಿಲ್ಲ. ನಾಳಗಳು ಅಕ್ಷಿಪಟಲದ ಮೇಲ್ಮೈ ದಾಟಿ ಕಣ್ಣಗುಡ್ಡೆಯ ಲೋಳೆಯೊಳಗೆ ನುಗ್ಗುತ್ತವೆ. ಪೆರಿಸೈಟುಗಳ ಆಸರೆ ಸಾಲದ ಅವು ಸೋರುತ್ತವೆ, ನಾರುಗಟ್ಟಿ ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡಬಹುದು. ಪ್ರಯೋಗಾಲಯದಲ್ಲಿ ಏಳು ದಿನದ ಇಲಿಮರಿಗಳನ್ನು ಐದು ದಿನ ಶೇ 75 ಆಮ್ಲಜನಕದಲ್ಲಿಟ್ಟು ಮಾಮೂಲಿ ಗಾಳಿಗೆ ತಂದರೆ, 17ನೇ ದಿನದ ಹೊತ್ತಿಗೆ ಇದೇ ಚಿತ್ರ ಕಾಣುತ್ತದೆ. ಆಗ ಎಂಎಂಪಿ-2, ಎಂಎಂಪಿ-9 ಎರಡೂ ಏರಿರುತ್ತವೆ.

ಹಾಗಾದರೆ ಆಮ್ಲಜನಕವನ್ನೇ ಇಳಿಸಿದರಾಯಿತಲ್ಲ? 2010ರಲ್ಲಿ ಪ್ರಕಟವಾದ ಅಮೆರಿಕದ ಸಪೋರ್ಟ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ರಕ್ತದ ಆಮ್ಲಜನಕವನ್ನು ಶೇ 91-95ರಲ್ಲಿಟ್ಟ ಶಿಶುಗಳಲ್ಲಿ ಬದುಕುಳಿದವರ ಪೈಕಿ ಶೇ 17.9ರಷ್ಟಕ್ಕೆ ತೀವ್ರ ಆರ್‌ಒಪಿ ಬಂತು. 85-89ರಲ್ಲಿಟ್ಟವರಲ್ಲಿ ಅದು ಶೇ 8.6ಕ್ಕೆ ಇಳಿಯಿತು. ಆದರೆ ಸಾವು ಶೇ 16.2ರಿಂದ 19.9ಕ್ಕೆ ಏರಿತು. ಕಣ್ಣುಳಿಸಲು ಜೀವ ಪಣಕ್ಕಿಡುವುದನ್ನು ಯಾರೂ ಒಪ್ಪಲಾರರು. ಆದ್ದರಿಂದ ಮಟ್ಟ ಏರಿಳಿಯದಂತೆ ಕಾಯುವುದು, ಕಣ್ಣನ್ನು ಹೊತ್ತಿಗೆ ಸರಿಯಾಗಿ ನೋಡುವುದು, ಬೇಕಾದರೆ ಚಿಕಿತ್ಸೆ ಕೊಡುವುದು ಇವೇ ದಾರಿ.

ಲೇಸರ್ ಚಿಕಿತ್ಸೆ ನಾಳವಿಲ್ಲದ ಅಂಚನ್ನು ಸುಡುತ್ತದೆ. ವಿಇಜಿಎಫ್ ಸುರಿಸುವ ಕೋಶಗಳೇ ಇಲ್ಲವಾಗುತ್ತವೆ, ಆ ಭಾಗದ ನೋಟವೂ ಹೋಗುತ್ತದೆ. ಬೆವಾಸಿಜುಮ್ಯಾಬ್‌ನಂಥ ಚುಚ್ಚುಮದ್ದು ವಿಇಜಿಎಫನ್ನು ಹಿಡಿದಿಡುತ್ತದೆ, ಅಂಚು ಉಳಿಯುತ್ತದೆ. ಆದರೆ ಮದ್ದು ಕರಗಿದ ಮೇಲೆ ಕಾಯಿಲೆ ತಿಂಗಳುಗಳ ನಂತರವೂ ಮರಳಬಹುದು. ಹಾಗಾಗಿ ಗರ್ಭದ ಲೆಕ್ಕದಲ್ಲಿ ಕನಿಷ್ಠ 65 ವಾರದವರೆಗೆ ತಪಾಸಣೆ ತಪ್ಪಿಸುವಂತಿಲ್ಲ.

ಭಾರತದಲ್ಲಿ 34 ವಾರಕ್ಕೆ ಮುಂಚೆ ಹುಟ್ಟಿದ, ಅಥವಾ 2000 ಗ್ರಾಂವರೆಗೆ ತೂಕವಿರುವ ಮಗುವಿನ ಕಣ್ಣನ್ನು ಹುಟ್ಟಿದ ನಾಲ್ಕು ವಾರದೊಳಗೆ ನೋಡಿಸಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದರೆ, ಇಲ್ಲವೇ ತೂಕ 1200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು-ಮೂರು ವಾರಕ್ಕೇ. ಕರ್ನಾಟಕದಲ್ಲಿ 2008ರಿಂದ ನಡೆಯುತ್ತಿರುವ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಜಿಲ್ಲೆಗಳ ಎನ್‌ಐಸಿಯುಗಳಿಗೇ ಕ್ಯಾಮೆರಾ ಒಯ್ದು ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಚಿಕಿತ್ಸೆ ಬೇಕೆಂದು ಗೊತ್ತಾದರೆ ಸಿಗುವ ಅವಧಿ 48ರಿಂದ 72 ಗಂಟೆ.