ಉಜ್ಜುವ ಮೊದಲು ಒಮ್ಮೆ ತೋರಿಸಿ

ಹೋದ ತಿಂಗಳು ಒಬ್ಬ ಅಜ್ಜಿ ಟವೆಲ್‌ನಲ್ಲಿ ಸುತ್ತಿದ ಮರದ ವಿಮಾನವೊಂದನ್ನು ತಂದಿದ್ದರು. ಇಲ್ಲಿ ಬ್ರಿಸ್ಬೇನ್‌ನಲ್ಲಿ ಹಳೇ ಮರದ ವಸ್ತುಗಳನ್ನು ಕಾಪಾಡುವುದು ನನ್ನ ಕೆಲಸ. ಅಜ್ಜಿಯ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ನಲ್ಲಿದ್ದರಂತೆ. ಅಲ್ಲಿ ಚಾಕುವಿನಲ್ಲಿ ಕೆತ್ತಿದ ಜಪಾನಿ ವಿಮಾನ ಅದು. ಆಮೇಲೆ ಎಷ್ಟೋ ವರ್ಷ ಮನೆಯ ಬೇಲಿಗೂಟದ ಮೇಲೆ ಬಿಸಿಲು ಮಳೆಗೆ ನಿಂತಿತ್ತು. “ಇದು ಝೀರೋ ಅಲ್ವಾ?” ಎಂದರು. ಝೀರೋ ಎಂದರೆ ಜಪಾನಿ ನೌಕಾಸೇನೆಯ ಹೆಸರಾಂತ ಫೈಟರ್, ಆಕಾಶದಲ್ಲಿ ಬೇರೆ ವಿಮಾನಗಳ ಜೊತೆ ಕಾದಾಡುವ ವಿಮಾನ.

ಟವೆಲ್ ಬಿಚ್ಚಿದೆ. ಎಡರೆಕ್ಕೆ ಬೂದು ಬಣ್ಣಕ್ಕೆ ತಿರುಗಿತ್ತು. ಬಲರೆಕ್ಕೆ ಹೊಸ ಕುರ್ಚಿಯ ಹಾಗೆ ಹೊಳೆಯುತ್ತಿತ್ತು. ಮೊಮ್ಮಗ ಪ್ರೀತಿಯಿಂದ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಅಗಸೆ ಎಣ್ಣೆ ಬಳಿದಿದ್ದ. ನನಗೆ ಹೊಟ್ಟೆ ಚುರುಕ್ ಎಂದಿತು.

ದಯವಿಟ್ಟು ಉಜ್ಜಬೇಡಿ. “ಬಣ್ಣ ಹೇಗೂ ಹೋಗಿದೆ, ಇನ್ನೇನು ಉಳಿದಿದೆ?” ಎಂದು ಎಲ್ಲರೂ ಕೇಳುತ್ತಾರೆ. ಬಣ್ಣ ಹೋದರೂ ಅದರ ಗುರುತು ಮರದಲ್ಲಿರುತ್ತದೆ. ಬರೀ ಮರವನ್ನು ಬಿಸಿಲು, ಮಳೆ ನಿಧಾನಕ್ಕೆ ತಿನ್ನುತ್ತವೆ. ಬಣ್ಣ ಬಳಿದ ಜಾಗವನ್ನು ಆ ಬಣ್ಣ ಅಷ್ಟು ವರ್ಷ ಕಾಯ್ದಿರುತ್ತದೆ. ಕೊನೆಗೆ ಬಣ್ಣ ಉದುರಿದಾಗ ಅಲ್ಲಿನ ಮರ ಸುತ್ತಲಿನದಕ್ಕಿಂತ ಕೂದಲೆಳೆಯಷ್ಟು ಎತ್ತರ ಉಳಿದಿರುತ್ತದೆ. ನಮ್ಮ ಕಡೆಯ ಹಳೇ ಅಂಗಡಿಗಳ ಮರದ ಬೋರ್ಡ್ ನೆನಪಿದೆಯಾ? ಅಕ್ಷರ ಕಣ್ಣಿಗೆ ಕಾಣದಿದ್ದರೂ ಕೈಯಾಡಿಸಿದರೆ ಬೆರಳಿಗೆ ಸಿಗುತ್ತಿತ್ತು. ಇದೂ ಹಾಗೇ. ಸ್ಯಾಂಡ್‌ಪೇಪರ್ ಮೊದಲು ತಿನ್ನುವುದೇ ಆ ಕೂದಲೆಳೆಯನ್ನು. ಧೂಳಿದ್ದರೆ ಒಣಗಿದ ಮೆತ್ತನೆ ಬ್ರಶ್ ಆಡಿಸಿ, ಸಾಕು. ನೀರೂ ಬೇಡ.

ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ರೆಕ್ಕೆಯ ಮಟ್ಟಕ್ಕೇ ಮಲಗಿಸಿ ಹಿಡಿದೆ. ಬೂದು ರೆಕ್ಕೆಯಲ್ಲಿ ಒಂದು ದುಂಡನೆಯ ಅಂಚು ಎದ್ದು ಬಂತು. ನಟ್ಟನಡುವೆ ಸೂಜಿಮೊನೆಯಷ್ಟು ತೂತು, ಕೈವಾರದ ಮುಳ್ಳು ಊರಿದ ಜಾಗ. ಜಪಾನಿ ವಿಮಾನಗಳ ಗುರುತಾದ ಕೆಂಪು ಸೂರ್ಯ. ಕೆಂಪು ಕಂಡರೆ ಜಪಾನಿ ವಿಮಾನವೆಂದು ತಮ್ಮವರೇ ಗುಂಡು ಹಾರಿಸಿಬಿಡುವ ಭಯ ಎಷ್ಟಿತ್ತೆಂದರೆ, 1942ರಲ್ಲಿ ಅಮೆರಿಕದವರು ತಮ್ಮ ವಿಮಾನದ ನಕ್ಷತ್ರದ ನಡುವಿದ್ದ ಕೆಂಪು ಬೊಟ್ಟನ್ನೇ ಅಳಿಸಿದ್ದರು. ಬರ್ಮಾ ಕಡೆ ಹಾರುತ್ತಿದ್ದ ಬ್ರಿಟಿಷ್ ವಿಮಾನಗಳ ಗುರುತಿನಿಂದಲೂ ಕೆಂಪು ಹೋಯಿತು. ಬಲರೆಕ್ಕೆಗೂ ಟಾರ್ಚ್ ಹಿಡಿದೆ. ಅಲ್ಲಿ ಏನೂ ಇರಲಿಲ್ಲ.

ಇನ್ನು ಝೀರೋ ವಿಷಯ. ಜಪಾನಿ ವಿಮಾನ ಅಂದರೆ ಎಲ್ಲರ ಬಾಯಲ್ಲೂ ಅದೊಂದೇ ಹೆಸರು. ಯುದ್ಧದಲ್ಲಿದ್ದ ಪೈಲಟ್‌ಗಳೇ ಜಪಾನಿ ಭೂಸೇನೆಯ ಹಯಾಬೂಸಾ ಎಂಬ ಫೈಟರನ್ನು ನೋಡಿ ಝೀರೋ ಎನ್ನುತ್ತಿದ್ದರು. 1942ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಅಮೆರಿಕದ ಅಧಿಕಾರಿ ಫ್ರಾಂಕ್ ಮೆಕಾಯ್ ಮತ್ತು ಅವರ ಜೊತೆಯವರು ಇಂಥ ಗೊಂದಲ ಬೇಡವೆಂದು ಒಂದೊಂದಕ್ಕೂ ಅಡ್ಡಹೆಸರಿಟ್ಟರು. ಫೈಟರ್‌ಗಳಿಗೆ ಗಂಡಸರ ಹೆಸರು, ಬಾಂಬರ್‌ಗಳಿಗೆ ಹೆಂಗಸರ ಹೆಸರು. ಝೀರೋ ‘ಝೀಕ್’ ಆಯಿತು, ಹಯಾಬೂಸಾ ‘ಆಸ್ಕರ್’.

ನಾನು ರೆಕ್ಕೆಯ ಮುಂದಿನ ಅಂಚನ್ನು ಮೊದಲು ನೋಡುತ್ತೇನೆ. ಝೀರೋಗೆ ಎರಡೂ ರೆಕ್ಕೆಯಲ್ಲಿ 20 ಮಿಲಿಮೀಟರ್ ಫಿರಂಗಿ ಇತ್ತು. ಕೆತ್ತುವವರು ಅಲ್ಲಿ ತಂತಿ ಚುಚ್ಚಿದ್ದರೆ ತೂತು ಉಳಿದಿರುತ್ತದೆ. ಹಯಾಬೂಸಾದ ರೆಕ್ಕೆಯಲ್ಲಿ ಬಂದೂಕೇ ಇರಲಿಲ್ಲ.

ಅಜ್ಜಿಯ ವಿಮಾನದಲ್ಲಿ ತಂತಿಯ ತೂತು ಇರಲಿಲ್ಲ. ಹೊಟ್ಟೆ ಮೇಲೆ ಮಾಡಿದೆ. ರೆಕ್ಕೆಗಳ ಕೆಳಗೆ ಮುರಿದ ಎರಡು ಮೋಟುಗಳು, ಒಂದೊಂದರಲ್ಲೂ ತುಕ್ಕು ಹಿಡಿದ ಮೊಳೆ. ಮನೆಯವರು ಅದನ್ನು ಸ್ಟ್ಯಾಂಡ್‌ನ ಚೂರು ಅಂದುಕೊಂಡಿದ್ದರು. ಅವು ಚಕ್ರದ ಕಾಲುಗಳು. ಝೀರೋ ಹಾರುವಾಗ ಕಾಲು ಮಡಚಿಕೊಳ್ಳುತ್ತದೆ. ಮಡಚದ ಕಾಲು, ದುಂಡಗಿನ ರೆಕ್ಕೆತುದಿ, ಇಬ್ಬರು ಕೂರುವಷ್ಟು ಉದ್ದದ ಗಾಜಿನ ಗೂಡು. ಇದು ಐಚಿ ಕಂಪನಿಯ ಡೈವ್ ಬಾಂಬರ್, ಅಂದರೆ ಕೆಳಕ್ಕೆ ಧುಮುಕಿ ಬಾಂಬ್ ಹಾಕುವ ವಿಮಾನ, ಅಡ್ಡಹೆಸರು ‘ವಾಲ್’. 1942ರ ಫೆಬ್ರವರಿ 19ರಂದು ಡಾರ್ವಿನ್ ಮೇಲೆ ಎರಗಿದ ದಂಡಿನಲ್ಲಿ ಇದೂ ಇತ್ತು. ಆದರೂ ವರದಿಯಲ್ಲಿ ‘ಬಹುಶಃ ವಾಲ್’ ಎಂದೇ ಬರೆದೆ. ಮಡಚದ ಕಾಲಿನ ಬೇರೆ ಜಪಾನಿ ವಿಮಾನಗಳೂ ಇದ್ದವು. ರೆಕ್ಕೆತುದಿಯನ್ನು ದುಂಡಗೆ ಮಾಡಿದ್ದು ಚಾಕುವೋ ಮಳೆಯೋ ಎಂದು ಆಣೆ ಹಾಕಿ ಹೇಳಲಾಗದು.

ಮೋಟುಗಳನ್ನು ತೋರಿಸಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಅಪ್ಪ ಯಾವತ್ತೂ ಝೀರೋ ಅಂತ ಹೇಳಿರಲಿಲ್ಲ. ಕಾಲು ಇಳಿಬಿಟ್ಟುಕೊಂಡು ಬಂದವು ಅನ್ನುತ್ತಿದ್ದರು.” ಆ ಮಾತನ್ನೂ ವರದಿಗೆ ಸೇರಿಸಿದೆ.